ಗಾಳಿಯ ಮೇಲಣ ಸವಾರಿ

ಮೋಟಾರು ಸೈಕಲ್ಲನ್ನು ಕೊಳ್ಳಹೊರಟವರು ವಿಚಾರಿಸುವ ಸಂಗತಿಗಳು ಹಲವು. ಎಂಜಿನ್ನಿನ ಶಕ್ತಿ ಎಷ್ಟು, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡೀತು, ಯಾವ ಬಣ್ಣ ಒಪ್ಪೀತು ಎಂಬುದನ್ನೆಲ್ಲ ಹತ್ತು ಕಡೆ ಕೇಳಿ ತಿಳಿಯುತ್ತಾರೆ. ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವ ಟೈರುಗಳನ್ನು ಕುರಿತು ಕೇಳುವವರು ವಿರಳ. ಟೈರಿನೊಳಗಿನ ಗಾಳಿಯಂತೂ ಪೂರ್ತಿಯಾಗಿ ಇಳಿದುಹೋದ ದಿನವಲ್ಲದೆ ನೆನಪಿಗೇ ಬರುವುದಿಲ್ಲ. ಇತರರನ್ನು ದೂರುವ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಸಹೋದ್ಯೋಗಿ ಮಿತ್ರರೊಬ್ಬರನ್ನು ಹಿಂದೆ ಕೂರಿಸಿಕೊಂಡು ನಾವು ಹಾಸನದಿಂದ ಸಕಲೇಶಪುರಕ್ಕೆ ಹೊರಟಿದ್ದೆವು. ಮಿತ್ರರ ಬೆನ್ನಿಗೆ ಪುಸ್ತಕಗಳ ಭಾರವಾದ ಚೀಲವಿತ್ತು. ದಾರಿಯಲ್ಲಿ ಗಾಡಿಯ ಹಿಂಭಾಗ ಅತ್ತಿತ್ತ ತೊನೆದಂತೆ ಭಾಸವಾಯಿತು. ರಸ್ತೆಯ ದೋಷವಿರಬೇಕೆಂದು ಎಣಿಸಿ ಮುಂದುವರಿದೆವು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಥಟ್ಟನೆ ಕುಸಿಯಿತು. ಗಾಡಿ ನಮ್ಮ ಹತೋಟಿ ಮೀರಿ ರಸ್ತೆಗೆ ಅಡ್ಡವಾಗಿ ಜಾರಿತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕರು ಎಚ್ಚರವಾಗಿದ್ದುದರಿಂದ ಇಬ್ಬರ ಪ್ರಾಣವೂ ಉಳಿಯಿತು. ಮಿತ್ರರ ಮಣಿಕಟ್ಟಿನ ಮೂಳೆ ಮಾತ್ರ ಮುರಿಯಿತು.

ಮರುದಿನ ಪಂಕ್ಚರು ಅಂಗಡಿಯ ಹಿರಿಯರು ಚಕ್ರವನ್ನು ಬಿಚ್ಚಿ, ಟೈರಿನ ಒಳಮೈಯನ್ನು ಹೊರಳಿಸಿ ತೋರಿಸಿದರು. ಒಳಗೆ ಹಿಡಿಯಷ್ಟು ಕರಿಯ ರಬ್ಬರಿನ ಪುಡಿ. ಪಕ್ಕದ ಗೋಡೆ ಉಜ್ಜಿ ಸವೆದು ಅದರ ನೂಲು ಹೊರಗೆ ಕಾಣುತ್ತಿತ್ತು.

“ಮೊಳೆ ಗಿಳೆ ಏನೂ ಚುಚ್ಚಿಲ್ಲ, ಮೇಷ್ಟ್ರೇ. ಗಾಳಿ ಕಮ್ಮಿ ಇಟ್ಕೊಂಡೇ ಓಡ್ಸಿದ್ದೀರಿ. ಗಾಳಿ ಹಿಡಿಸಿ ಎಷ್ಟು ದಿನ ಆಯ್ತು?” ಎಂದು ಅವರು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅನಿಲಗಳ ಒತ್ತಡವನ್ನು ಕುರಿತು ವರ್ಷವರ್ಷವೂ ಪಾಠ ಹೇಳುವವರಿಗೆ ತಮ್ಮ ಗಾಡಿಯ ಟೈರಿನೊಳಗಿನ ಒತ್ತಡವೆಷ್ಟೆಂಬುದು ತಿಳಿದಿರಲಿಲ್ಲ! ಆ ನಾಚಿಕೆಯ ಫಲವೇ ಈ ಲೇಖನ.

ಚಕ್ರಕ್ಕೆ ಗಾಳಿ ಬಂದ ಬಗೆ

1885ರಲ್ಲಿ ಜರ್ಮನಿಯ ಡೈಮ್ಲರ್ ತನ್ನ ಪೆಟ್ರೋಲು ಎಂಜಿನ್ನನ್ನು ಎರಡು ಚಕ್ರದ ಗಾಡಿಯೊಂದಕ್ಕೆ ಜೋಡಿಸಿದಾಗ ಅದರ ಚಕ್ರಗಳು ಮರದವು. ನಮ್ಮ ಎತ್ತಿನ ಗಾಡಿಯ ಚಕ್ರಗಳಂತೆ ಅವುಗಳಿಗೆ ಕಬ್ಬಿಣದ ಪಟ್ಟಿ ಬಿಗಿದಿತ್ತು. ಸವಾರನ ಎಲುಬುಗಳ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಗಾಳಿ ತುಂಬಿದ ಚಕ್ರದ ಕಲ್ಪನೆ ಇದಕ್ಕಿಂತಲೂ ಹಿಂದಿನದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಕುದುರೆಗಾಡಿಗಳ ಕಾಲದಲ್ಲಿ ಅದರ ಅಗತ್ಯ ಯಾರಿಗೂ ತೋರದೆ ಮರೆತುಹೋಯಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟವನ್ನು ತಗ್ಗಿಸಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದನು; 1888ರಲ್ಲಿ ತಾನೂ ಹಕ್ಕುಪತ್ರ ಪಡೆದನು. ಥಾಮ್ಸನ್ನನ ಹಕ್ಕುಪತ್ರ ಮೊದಲೇ ಇದ್ದುದು ಆಮೇಲೆ ಬೆಳಕಿಗೆ ಬಂದು ಡನ್‌ಲಪ್ಪನ ಹಕ್ಕು ಬಿದ್ದುಹೋಯಿತಾದರೂ, ಗಾಳಿಯ ಟೈರು ಉಳಿದುಕೊಂಡಿತು.

ಇದಕ್ಕೆ ಬೇಕಾದ ಗಟ್ಟಿ ರಬ್ಬರು ದೊರೆತುದು ಅಮೆರಿಕದ ಚಾರ್ಲ್ಸ್ ಗುಡ್‌ಇಯರನಿಂದ. ಸುಳ್ಯ, ಬೆಳ್ತಂಗಡಿಗಳ ಕಡೆ ರಬ್ಬರು ಮರದ ತೊಗಟೆಯನ್ನು ಗೀರಿ ಹಾಲು ಸಂಗ್ರಹಿಸುವುದನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಆ ಹಾಲಿನಿಂದ ಬಂದ ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಅದನ್ನು ಗಂಧಕದೊಡನೆ ಕಾಯಿಸಿದರೆ ಗಟ್ಟಿತನವೂ ಸ್ಥಿತಿಸ್ಥಾಪಕತೆಯೂ ಒಟ್ಟಿಗೆ ಬರುವುವೆಂದು ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಇಂಗಾಲದ ನುಣ್ಣನೆಯ ಮಸಿಯನ್ನು ಬೆರಸಿದರೆ ಸವೆತ ಬಹಳ ಕಡಿಮೆಯಾಗುವುದೆಂಬುದು ಆಮೇಲೆ ತಿಳಿಯಿತು. ಟೈರಿನ ಕಪ್ಪು ಬಣ್ಣ ಆ ಮಸಿಯದೇ.

ಭಾರ ಹೊರುವುದು ಯಾವುದು?

ಟೈರು ಇಷ್ಟು ಗಟ್ಟಿಯಾಗಿರುವುದರಿಂದ ಗಾಡಿಯ ಭಾರವನ್ನು ಅದೇ ಹೊರುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಇದು ಸರಿಯಲ್ಲ. ಗಾಳಿಯನ್ನೆಲ್ಲ ಬಿಟ್ಟುಬಿಟ್ಟರೆ ಅದೇ ಟೈರು ಭಾರ ತಾಳಲಾರದೆ ಚಪ್ಪಟೆಯಾಗುವುದಷ್ಟೆ. ಭಾರವನ್ನು ಹೊರುವುದು ಗಾಳಿ. ಆ ಗಾಳಿ ಚದುರಿಹೋಗದಂತೆ ತಡೆದು ಹಿಡಿಯುವ ಚೀಲವೇ ಟೈರು.

ಲೆಕ್ಕ ಹಾಕಿ ನೋಡೋಣ. ಗಾಡಿಯ ತೂಕ 120 ಕಿಲೋಗ್ರಾಂ, ಸವಾರನದು 70, ಹಿಂದೆ ಕುಳಿತವರದು 60 ಎಂದುಕೊಂಡರೆ ಒಟ್ಟು 250 ಕಿಲೋಗ್ರಾಂ ಆಯಿತು. ಇದರಲ್ಲಿ 150 ಹಿಂದಿನ ಚಕ್ರದ ಮೇಲೂ 100 ಮುಂದಿನದರ ಮೇಲೂ ಬೀಳುತ್ತದೆಂದು ಹಿಡಿಯೋಣ. ಹಿಂದಿನ ಟೈರಿನಲ್ಲಿ ಚದರ ಅಂಗುಲಕ್ಕೆ 32 ಪೌಂಡು ಒತ್ತಡದ ಗಾಳಿಯಿದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಂ ಭಾರಕ್ಕೆ ಸಮ. 150 ಕಿಲೋಗ್ರಾಂ ಭಾರವನ್ನು ತಾಳಲು ಸುಮಾರು 67 ಚದರ ಸೆಂಟಿಮೀಟರಿನಷ್ಟು ಟೈರು ನೆಲಕ್ಕೆ ಒತ್ತಿಕೊಂಡಿರಬೇಕು. ಮುಂದಿನ ಟೈರಿನಲ್ಲಿ 25 ಪೌಂಡಿದ್ದರೆ ಅಲ್ಲಿ ಇದೇ ಲೆಕ್ಕದಿಂದ 57 ಚದರ ಸೆಂಟಿಮೀಟರು ಬರುತ್ತದೆ. ಟೈರಿನ ಗೋಡೆಗಳ ಬಿಗಿಯೂ ಸ್ವಲ್ಪ ಭಾರವನ್ನು ಹೊರುವುದರಿಂದ ಈ ಲೆಕ್ಕ ಸ್ಥೂಲವಾದುದು. ಆದರೂ ನಿಜಕ್ಕೆ ದೂರವಲ್ಲ.

ಒಂದೊಂದು ಚಕ್ರವೂ ನೆಲವನ್ನು ಮುಟ್ಟುವುದು ಬೆರಳುಗಳನ್ನು ಬಿಟ್ಟು ಉಳಿದ ಅಂಗೈಯಷ್ಟು ಜಾಗದಲ್ಲಿ ಮಾತ್ರ. ವೇಗ ಹೆಚ್ಚಿಸುವುದು, ಬ್ರೇಕು ಹಾಕಿ ನಿಲ್ಲಿಸುವುದು, ತಿರುವಿನಲ್ಲಿ ಬಾಗಿ ಸಾಗುವುದು, ಎಲ್ಲವೂ ನಡೆಯಬೇಕಾದುದು ಈ ಎರಡು ಅಂಗೈಗಳ ಹಿಡಿತದಿಂದಲೇ. ಅವುಗಳ ಅಳತೆಯನ್ನೂ ಆಕಾರವನ್ನೂ ನಿರ್ಧರಿಸುವುದರಲ್ಲಿ ಗಾಳಿಯ ಒತ್ತಡದ ಪಾತ್ರವೇ ಹಿರಿದು.

ವಿದ್ಯಾರ್ಥಿಯೊಬ್ಬನ ಪ್ರಶ್ನೆ

ಘರ್ಷಣೆಯ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಘರ್ಷಣೆಗೂ ತಾಗುವ ವಿಸ್ತೀರ್ಣಕ್ಕೂ ಸಂಬಂಧವಿಲ್ಲ ಅಂದಿರಿ ಸಾರ್. ಹಾಗಾದರೆ ಟೈರು ಅಗಲ ಯಾಕಿರಬೇಕು?” ಎಂದು ಕೇಳಿದನು. ಪ್ರಶ್ನೆ ಉಚಿತವಾದುದೇ. ಫ್ರಾನ್ಸಿನ ಅಮಾಂಟನ್ 1699ರಲ್ಲಿ ಮಂಡಿಸಿದ ನಿಯಮ ಮರ, ಲೋಹ ಮೊದಲಾದ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತದೆ; ರಬ್ಬರು ಮಾತ್ರ ಅದಕ್ಕೆ ಪೂರ್ತಿ ಮಣಿಯುವುದಿಲ್ಲ. ಮೆತುವಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಅವುಗಳನ್ನು ಹಿಡಿದುಕೊಳ್ಳುತ್ತದೆ. ಅದೇ ಭಾರ ಹೆಚ್ಚು ಜಾಗದಲ್ಲಿ ಹರಡಿದರೆ ರಬ್ಬರಿನ ಹಿಡಿತ ಸ್ವಲ್ಪ ಹೆಚ್ಚುತ್ತದೆ.

ಹಾಗಾದರೆ ಗಾಳಿಯನ್ನು ಇಳಿಸಿ ಹಿಡಿತವನ್ನು ಹೆಚ್ಚಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಮರಳಿನಲ್ಲಿ ನಿಧಾನವಾಗಿ ಸಾಗುವವರು ಹಾಗೆಯೇ ಮಾಡುತ್ತಾರೆ. ಆದರೆ ಡಾಂಬರು ರಸ್ತೆಯಲ್ಲಿ, ವೇಗದಲ್ಲಿ, ಈ ಉಪಾಯ ಪ್ರಾಣಕ್ಕೆ ಎರವಾಗುತ್ತದೆ. ಇದಕ್ಕೆ ಕಾರಣಗಳು ಎರಡು.

ಮೊದಲನೆಯದು ಬಳುಕು. ಬಿಗಿತಪ್ಪಿದ ಟೈರಿನ ಗೋಡೆಗಳು ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತವೆ. ನಾವು ಹ್ಯಾಂಡಲನ್ನು ತಿರುಗಿಸಿದಾಗ ರಿಮ್ಮು ಮೊದಲು ತಿರುಗಿ, ನೆಲವನ್ನು ಹಿಡಿದ ರಬ್ಬರು ತಡವಾಗಿ ಅದನ್ನು ಅನುಸರಿಸುತ್ತದೆ. ಸಕಲೇಶಪುರದ ದಾರಿಯಲ್ಲಿ ನಾವು ರಸ್ತೆಯ ದೋಷವೆಂದು ತಿಳಿದ ತೊನೆದಾಟ ಇದೇ.

ಎರಡನೆಯದು ಶಾಖ. ರಬ್ಬರಿನ ಉಂಗುರವೊಂದನ್ನು ಸರಕ್ಕನೆ ಎಳೆದು ತುಟಿಗೆ ತಾಗಿಸಿ ನೋಡಿ; ಬೆಚ್ಚಗಿರುತ್ತದೆ. ಬಿಟ್ಟಾಗ ಅದು ತಣಿಯುತ್ತದೆ; ಆದರೆ ಎಳೆಯಲು ನಾವು ಕೊಟ್ಟ ಶಕ್ತಿಯೆಲ್ಲವನ್ನೂ ಹಿಂದಿರುಗಿಸುವುದಿಲ್ಲ. ಉಳಿದ ಭಾಗ ಶಾಖವಾಗಿ ರಬ್ಬರಿನಲ್ಲೇ ನಿಲ್ಲುತ್ತದೆ. ಟೈರಿನ ಪ್ರತಿಯೊಂದು ಭಾಗವೂ ನೆಲಕ್ಕೆ ಬಂದಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಧಾರಣ ಮೋಟಾರು ಸೈಕಲ್ಲಿನ ಚಕ್ರ ನಿಮಿಷಕ್ಕೆ ಸುಮಾರು 520 ಸಲ ಸುತ್ತುತ್ತದೆ. ಒಂದು ಗಂಟೆಯ ಪ್ರಯಾಣದಲ್ಲಿ ಪ್ರತಿ ಭಾಗವೂ ಮೂವತ್ತೊಂದು ಸಾವಿರ ಸಲ ಮಡಿಸಿ ಬಿಚ್ಚಿದಂತಾಯಿತು! ಒತ್ತಡ 32ರಿಂದ 20 ಪೌಂಡಿಗೆ ಇಳಿದರೆ, ಮೇಲಿನ ಲೆಕ್ಕದಂತೆ, ನೆಲಕ್ಕೆ ತಾಗುವ ಜಾಗ 67ರಿಂದ ಸುಮಾರು 107 ಚದರ ಸೆಂಟಿಮೀಟರಿಗೆ ಏರುತ್ತದೆ. ಪ್ರತಿ ಸುತ್ತಿನಲ್ಲಿಯೂ ಗೋಡೆ ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ. ಕಾದ ರಬ್ಬರಿನ ಬಲ ಕುಗ್ಗುತ್ತದೆ. ಒಳಗಿನ ನೂಲಿಗೂ ರಬ್ಬರಿಗೂ ಇರುವ ಬೆಸುಗೆ ಬಿಡತೊಡಗುತ್ತದೆ. ಅಂಗಡಿಯ ಹಿರಿಯರು ತೋರಿಸಿದ ಕರಿಯ ಪುಡಿ ಈ ಸಾವಿರಾರು ಮಡಿಕೆಗಳ ಶೇಷ. ಈ ಶಾಖಕ್ಕೆ ಬೇಕಾದ ಶಕ್ತಿ ಬರುವುದು ಪೆಟ್ರೋಲಿನಿಂದಲೇ. ಆದುದರಿಂದ ಗಾಳಿ ಕಡಿಮೆಯಾದ ಗಾಡಿ ಹೆಚ್ಚು ಎಣ್ಣೆಯನ್ನೂ ಕುಡಿಯುತ್ತದೆ.

ಗಾಳಿ ಅತಿಯಾದರೂ ಕೇಡೇ. ನೆಲಕ್ಕೆ ತಾಗುವ ಜಾಗ ಕಿರಿದಾಗಿ ಬ್ರೇಕು ಹಾಕಿದಾಗ ಚಕ್ರ ಬೇಗ ಜಾರುತ್ತದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ಪುಟಿಯುತ್ತದೆ; ಪುಟಿದ ಕ್ಷಣದಲ್ಲಿ ಹಿಡಿತವೇ ಇರುವುದಿಲ್ಲ. ಟೈರಿನ ನಡುಭಾಗ ಬೇಗ ಸವೆಯುತ್ತದೆ. ಆದರೆ ನೇರ ರಸ್ತೆಯಲ್ಲೇ ಹೆಚ್ಚಾಗಿ ಓಡುವ ಗಾಡಿಗಳಲ್ಲಿ ಒತ್ತಡ ಸರಿಯಿದ್ದರೂ ನಡುಭಾಗವೇ ಮೊದಲು ಸವೆಯುವುದರಿಂದ, ಆ ಸವೆತವೊಂದನ್ನೇ ನೋಡಿ ತೀರ್ಪು ಕೊಡಲಾಗದು.

ಬಿಸಿಲು ಮತ್ತು ಬೆಟ್ಟ

ಸರಿಯಾದ ಒತ್ತಡವನ್ನು ಅಳೆಯಬೇಕಾದುದು ಯಾವಾಗ? ಟೈರು ತಣ್ಣಗಿರುವಾಗ, ಎಂದರೆ ಗಾಡಿ ಕೆಲವು ಗಂಟೆಗಳ ಕಾಲ ನೆರಳಿನಲ್ಲಿ ನಿಂತಿದ್ದಾಗ. ಕಂಪನಿಯವರು ಸೂಚಿಸುವ ಅಂಕಿ ತಣ್ಣನೆಯ ಟೈರಿಗೆ ಸಂಬಂಧಿಸಿದುದು. ಅಡಕವಾದ ಅನಿಲದ ಒತ್ತಡ ಉಷ್ಣತೆಯೊಡನೆ ಏರುತ್ತದೆಂಬುದು ಪ್ರೌಢಶಾಲೆಯ ಪಾಠ. ಇಲ್ಲಿ ಒಂದು ಸೂಕ್ಷ್ಮವಿದೆ. ಮಾಪಕ ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಒಳಗೆ ಹೆಚ್ಚಾಗಿರುವ ಒತ್ತಡವನ್ನು ಮಾತ್ರ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡವೇ 14.7 ಪೌಂಡು. ಆದುದರಿಂದ ಮಾಪಕ 32 ತೋರಿಸಿದಾಗ ಒಳಗಿನ ನಿಜವಾದ ಒತ್ತಡ 46.7. ಉಷ್ಣತೆಯ ಲೆಕ್ಕವನ್ನು ಈ ಅಂಕಿಗೆ ಅನ್ವಯಿಸತಕ್ಕದ್ದು.

30 ಡಿಗ್ರಿ ಸೆಂಟಿಗ್ರೇಡಿನಲ್ಲಿ 32 ಪೌಂಡು ತುಂಬಿದ ಟೈರು ಓಡಿ ಓಡಿ 60 ಡಿಗ್ರಿಗೆ ಕಾದರೆ ಮಾಪಕ ಸುಮಾರು 36 ಮುಕ್ಕಾಲರವರೆಗೆ ಏರುತ್ತದೆ. ಹೆಚ್ಚಾಯಿತೆಂದು ಹೆದರಿ ಅಲ್ಲಿಯೇ 32ಕ್ಕೆ ಇಳಿಸಿದೆವೆನ್ನೋಣ. ಮರುದಿನ ಬೆಳಿಗ್ಗೆ ಟೈರು ತಣ್ಣಗಾದಾಗ ಉಳಿಯುವುದು 28ಕ್ಕಿಂತಲೂ ತುಸು ಕಡಿಮೆ. ಕಾದ ಟೈರಿನಿಂದ ಗಾಳಿಯನ್ನು ಬಿಡಕೂಡದೆಂಬುದು ಇದಕ್ಕಾಗಿಯೇ.

ಬೆಟ್ಟ ಹತ್ತುವವರಿಗೂ ಒಂದು ಸಂದೇಹ ಬರುವುದುಂಟು: ಮೇಲೆ ವಾಯುಮಂಡಲದ ಒತ್ತಡ ಕಡಿಮೆಯಾದುದರಿಂದ ಟೈರು ಬಿರಿಯುವುದೇ? ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಮೂಲಕ ಚಿಕ್ಕಮಗಳೂರಿಗೆ ಹೋಗೋಣ. ಚಿಕ್ಕಮಗಳೂರು ಇರುವುದು ಸುಮಾರು 1,090 ಮೀಟರು ಎತ್ತರದಲ್ಲಿ. ಅಲ್ಲಿ ವಾಯುವಿನ ಒತ್ತಡ ಸುಮಾರು 12.9 ಪೌಂಡು. ಎತ್ತರವೊಂದನ್ನೇ ಎಣಿಸಿದರೆ ಮಾಪಕ 1.8 ಪೌಂಡು ಏರಬೇಕು. ಆದರೆ ಮಂಗಳೂರಿನಲ್ಲಿ 32 ಡಿಗ್ರಿ ಸೆಕೆಯಿದ್ದು ಮೇಲೆ 22 ಡಿಗ್ರಿಯ ತಂಪಿದ್ದರೆ, ಅಲ್ಲಿ ಟೈರು ತಣಿದ ಮೇಲೆ ಆ ತಂಪು ಒಂದೂವರೆ ಪೌಂಡನ್ನು ಇಳಿಸಿಬಿಡುತ್ತದೆ. ಒಂದು ಇನ್ನೊಂದಕ್ಕೆ ವಜಾ ಆಗಿ, 32 ಪೌಂಡು ಹೆಚ್ಚುಕಡಿಮೆ 32ರಲ್ಲೇ ನಿಲ್ಲುತ್ತದೆ. ಘಾಟಿ ಏರಿದವರು ಟೈರಿನ ಗಾಳಿಯನ್ನು ಬಿಡಬೇಕಾದುದಿಲ್ಲ.

ಟೈರನ್ನು ಆರಿಸುವಾಗ

ಟೈರಿನ ಗೋಡೆಯ ಮೇಲೆ ಅದರ ಜಾತಕವೇ ಅಚ್ಚಾಗಿರುತ್ತದೆ, ಓದಲು ತಿಳಿದಿರಬೇಕಷ್ಟೆ. ‘100/90–17 55 ಪಿ’ ಎಂದು ಇದೆಯೆನ್ನೋಣ. 100 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 90 ಎಂಬುದು ಶೇಕಡ. ಗೋಡೆಯ ಎತ್ತರ ಅಗಲದ ಶೇಕಡ 90, ಎಂದರೆ ಇಲ್ಲಿ 90 ಮಿಲಿಮೀಟರು. 17 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 55 ಎಂಬುದು ಭಾರದ ಸಂಕೇತ. ಆ ಟೈರು 218 ಕಿಲೋಗ್ರಾಂವರೆಗೆ ಹೊರಬಲ್ಲುದೆಂದು ಅರ್ಥ. ‘ಪಿ’ ಎಂಬ ಅಕ್ಷರ ಗಂಟೆಗೆ 150 ಕಿಲೋಮೀಟರಿನ ವೇಗದ ಮಿತಿಯನ್ನು ಸೂಚಿಸುತ್ತದೆ. ಹೊಸ ಟೈರಿನ ಅಳತೆ ಗಾಡಿಯ ಪುಸ್ತಕದಲ್ಲಿ ಹೇಳಿದುದೇ ಆಗಿರಬೇಕು. ಭಾರದ, ವೇಗದ ಸಂಕೇತಗಳು ಅದಕ್ಕಿಂತ ಕೆಳಗಿರಕೂಡದು.

ಅಗಲವಾದ ಟೈರು ನೋಟಕ್ಕೆ ಗಂಭೀರವೆಂದು ಕೆಲವು ತರುಣರು ಹಾಕಿಸುವುದುಂಟು. ಒತ್ತಡವೂ ಭಾರವೂ ಅವೇ ಆಗಿದ್ದರೆ ನೆಲಕ್ಕೆ ತಾಗುವ ಜಾಗ ಹೆಚ್ಚೇನೂ ಬೆಳೆಯುವುದಿಲ್ಲ. ಅದರ ಆಕಾರ ಮಾತ್ರ ಬದಲಾಗುತ್ತದೆ. ರಿಮ್ಮು ಕಿರಿದಾಗಿದ್ದರೆ ಟೈರಿನ ಬೆನ್ನು ಅತಿಯಾಗಿ ಗುಂಡಗಾಗಿ ಗಾಡಿಯ ಬಾಗುವಿಕೆ ಕೆಡುತ್ತದೆ. ಟೈರು ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವ ಭಯವೂ ಉಂಟು.

ಹೊರಮೈಯ ಗೀರುಗಳ ಮುಖ್ಯ ಕೆಲಸ ನೀರನ್ನು ಹೊರಗೆ ಹರಿಯಿಸುವುದು. ಒಣ ರಸ್ತೆಯಲ್ಲಿ ಬೋಳು ಟೈರೂ ಹಿಡಿತ ಕೊಡುವುದರಿಂದಲೇ ಅದನ್ನು ಬಳಸುತ್ತಿದ್ದವರು ಮೊದಲ ಮಳೆಯ ದಿನ ಮೋಸಹೋಗುತ್ತಾರೆ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಹೊರಮೈ ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಬಟನ್ ಟೈರುಗಳು ಕೆಸರಿಗೆ ಒಳ್ಳೆಯವು; ನುಣುಪಾದ ಡಾಂಬರಿನ ಮೇಲೆ ಅವು ತಾಗುವ ರಬ್ಬರೇ ಕಡಿಮೆ.

ಟ್ಯೂಬಿನ ಟೈರೋ ಟ್ಯೂಬಿಲ್ಲದ್ದೋ ಎಂಬುದನ್ನು ಚಕ್ರವೇ ನಿರ್ಧರಿಸುತ್ತದೆ. ಕಡ್ಡಿಗಳ ಚಕ್ರದಲ್ಲಿ ರಿಮ್ಮಿಗೆ ರಂಧ್ರಗಳಿರುವುದರಿಂದ ಸಾಮಾನ್ಯವಾಗಿ ಟ್ಯೂಬು ಬೇಕೇ ಬೇಕು. ಅಲಾಯ್ ಚಕ್ರಗಳಿಗೆ ಬಹುಮಟ್ಟಿಗೆ ಟ್ಯೂಬಿಲ್ಲದ ಟೈರುಗಳನ್ನು ಹಾಕುತ್ತಾರೆ. ಮೊಳೆ ಚುಚ್ಚಿದರೆ ಟ್ಯೂಬು ಒಮ್ಮೆಗೇ ಬರಿದಾಗುವುದುಂಟು. ಟ್ಯೂಬಿಲ್ಲದ ಟೈರಿನ ದಪ್ಪ ರಬ್ಬರು ಮೊಳೆಯನ್ನು ಬಿಗಿಹಿಡಿದು ಗಾಳಿಯನ್ನು ಮೆಲ್ಲಗೆ ಬಿಡುತ್ತದೆ. ನಿಲ್ಲಿಸಲು ಅಷ್ಟು ಕಾಲಾವಕಾಶ ದೊರೆಯುವುದೇ ಅದರ ದೊಡ್ಡ ಗುಣ.

ಕೊಳ್ಳುವ ಮುನ್ನ ತಯಾರಾದ ಕಾಲವನ್ನೂ ನೋಡಬೇಕು. ಗೋಡೆಯ ಮೇಲಿನ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ‘2324’ ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ. ಓಡದೆ ನಿಂತ ಟೈರೂ ಬಿಸಿಲು, ಗಾಳಿಗಳಿಗೆ ಮುದಿಯಾಗಿ ಸೀಳುತ್ತದೆ. ಐ.ಎಸ್.ಐ. ಗುರುತು ಇದೆಯೇ, ತಿರುಗುವ ದಿಕ್ಕಿನ ಬಾಣವಿದ್ದರೆ ಅದು ಸರಿಯಾಗಿದೆಯೇ ಎಂದೂ ಪರೀಕ್ಷಿಸತಕ್ಕದ್ದು. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರು ಕಿಲೋಮೀಟರು ಮೆಲ್ಲಗೆ ಓಡಿಸುವುದು ಕ್ಷೇಮ.

ವಾರಕ್ಕೆ ಐದು ನಿಮಿಷ

ಹೆಬ್ಬೆರಳಿನಿಂದ ಟೈರನ್ನು ಒತ್ತಿ “ಗಾಳಿ ಸಾಕು” ಎನ್ನುವ ಪದ್ಧತಿ ನಮ್ಮಲ್ಲಿ ಬಹಳ. ಅಪಘಾತದ ಬಳಿಕ ಕಾಲೇಜಿನ ಅಂಗಳದಲ್ಲಿ ನಾವು ಇದನ್ನು ಪರೀಕ್ಷಿಸಿದೆವು. ಒಂದೇ ಬಗೆಯ ಎರಡು ಗಾಡಿಗಳಲ್ಲಿ ಒಂದರ ಹಿಂದಿನ ಟೈರಿಗೆ 20, ಮತ್ತೊಂದಕ್ಕೆ 30 ಪೌಂಡು ತುಂಬಿ, ಯಾವುದು ಯಾವುದೆಂದು ಒತ್ತಿ ಹೇಳಲು ನಮ್ಮ ವಿದ್ಯಾರ್ಥಿಗಳನ್ನು ಕೇಳಿದೆವು. ಸರಿ ಹೇಳಿದವರೂ ಇದ್ದರು, ತಪ್ಪು ಹೇಳಿದವರೂ ಇದ್ದರು. ನಿಶ್ಚಯವಾಗಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ದಪ್ಪ ರಬ್ಬರಿನ ಬಿಗಿಯನ್ನೇ ಬೆರಳು ಗಾಳಿಯ ಬಿಗಿಯೆಂದು ಭ್ರಮಿಸುತ್ತದೆ. ಕಣ್ಣಿಗೂ ಇದೇ ಭ್ರಮೆ. ಸಣ್ಣದೊಂದು ಒತ್ತಡಮಾಪಕವೇ ಇದಕ್ಕೆ ಪರಿಹಾರ. ಅದರ ಬೆಲೆ ಒಂದು ಟೈರಿನ ಬೆಲೆಯ ಅಲ್ಪಾಂಶ.

ಸೂಜಿಯಷ್ಟು ರಂಧ್ರವಿಲ್ಲದಿದ್ದರೂ ಗಾಳಿಯ ಅಣುಗಳು ರಬ್ಬರನ್ನು ಹಾದು ಮೆಲ್ಲಮೆಲ್ಲಗೆ ಹೊರಬೀಳುತ್ತಲೇ ಇರುತ್ತವೆ. ತಿಂಗಳಿಗೆ ಒಂದೆರಡು ಪೌಂಡು ಹೀಗೆ ಹೋಗುವುದು ಸಹಜ. ಆದುದರಿಂದ ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಎರಡು ಟೈರುಗಳನ್ನೂ ಅಳೆಯಬೇಕು. ಎಷ್ಟಿರಬೇಕೆಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ; ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿಯೂ ಬಹುಮಟ್ಟಿಗೆ ಇರುತ್ತದೆ. ಟೈರಿನ ಗೋಡೆಯ ಮೇಲೆ ಬರೆದ ಒತ್ತಡ ಅದು ತಾಳಬಲ್ಲ ಮಿತಿ. ತುಂಬಬೇಕಾದ ಪ್ರಮಾಣವೆಂದು ಅದನ್ನು ತಿಳಿಯಕೂಡದು. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವಾಗ ಹಿಂದಿನ ಟೈರಿಗೆ ಪುಸ್ತಕ ಹೇಳಿದಷ್ಟು ಹೆಚ್ಚು ಗಾಳಿ ಬೇಕು. ಅಳೆದಾದ ಮೇಲೆ ವಾಲ್ವಿಗೆ ಒಂದು ತೊಟ್ಟು ಸೋಪಿನ ನೀರು ಹಾಕಿ ಗುಳ್ಳೆ ಬರುವುದೇ ಎಂದು ನೋಡಿ, ಮುಚ್ಚಳವನ್ನು ಮರೆಯದೆ ಬಿಗಿಯಬೇಕು. ಕೆಲವೆಡೆ ಬರಿಯ ಸಾರಜನಕವನ್ನು ತುಂಬುತ್ತಾರೆ. ನಮ್ಮ ಸುತ್ತಣ ಗಾಳಿಯಲ್ಲಿಯೇ ಶೇಕಡ 78 ಪಾಲು ಸಾರಜನಕವಿರುವುದರಿಂದ, ದಿನಬಳಕೆಗೆ ಸಾಮಾನ್ಯ ಗಾಳಿಯೇ ಸಾಕು. ಅದನ್ನು ಅಳೆದು ತುಂಬಿಸಬೇಕು, ಅಷ್ಟೆ.

ನಮ್ಮ ಮಿತ್ರರ ಮಣಿಕಟ್ಟು ಕೂಡಿಕೊಂಡಿತು. ಆದರೂ ಚಳಿಗಾಲದಲ್ಲಿ ಇಂದಿಗೂ ನೋಯುತ್ತದಂತೆ. ಅವರು ನಮ್ಮೊಡನೆ ಗಾಡಿಯಲ್ಲಿ ಬರುವುದನ್ನು ಬಿಟ್ಟಿಲ್ಲ. ಹತ್ತುವ ಮುನ್ನ ಮಾತ್ರ, ಚೀಲವನ್ನು ಹೆಗಲಿಗೇರಿಸುತ್ತ, “ಹಿಂದಿನದರಲ್ಲಿ ಎಷ್ಟಿದೆ?” ಎಂದು ಕೇಳುತ್ತಾರೆ. “ಸಾಕಷ್ಟಿದೆ” ಎಂದರೆ ಅವರು ಒಪ್ಪುವುದಿಲ್ಲ. ಅಂಕಿ ಹೇಳಿದ ಮೇಲೆಯೇ ಹತ್ತುತ್ತಾರೆ.